ಹುನಾನಿನ ಸೊಸೆ, ದಾವಣಗೆರೆಯ ಅಳಿಯ: ನಡುವೆ ಇರುವ ಕಾಗದಗಳು

ನನ್ನನ್ನು ಎಲ್ಲಿ ಮಾತಿಗೆ ಕರೆದರೂ ಮೊದಲ ಪ್ರಶ್ನೆ ಊಟದ್ದೇ ಆಗಿರುತ್ತದೆ. ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ನನ್ನ ಗಂಡನ ಊರು ಚೀನಾದ ಹುನಾನ್ ಪ್ರಾಂತ್ಯದಲ್ಲಿದೆ. ಅಲ್ಲಿಯವರಿಗೆ ಮೆಣಸಿನಕಾಯಿ ಇಲ್ಲದ ಊಟ ಊಟವೇ ಅಲ್ಲ. ಬ್ಯಾಡಗಿ ಮೆಣಸಿನಕಾಯಿಯ ಘಾಟಿನಲ್ಲಿ ಬೆಳೆದವಳಿಗೆ ಅದು ಹೊಸದೇನೂ ಆಗಿರಲಿಲ್ಲ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅತ್ತೆ ನನಗೆಂದೇ ಒಂದು ಬಾಣಲೆಯನ್ನು ಬೇರೆ ಇಟ್ಟರು. ಹತ್ತು ದಿನಗಳಲ್ಲಿ ಮುಗಿದುಹೋದ ವಿಷಯ ಅದು. ಭಾಷೆಗೆ ಎರಡು ವರ್ಷ ಹಿಡಿಯಿತು. ಕಾಗದಪತ್ರಗಳ ಕೆಲಸ ಮಾತ್ರ ಹನ್ನೆರಡು ವರ್ಷಗಳ ಸಂಸಾರದ ನಂತರವೂ ಮುಗಿದಿಲ್ಲ. ಇಂದು ಅದರ ಬಗ್ಗೆಯೇ ಮಾತನಾಡುತ್ತೇನೆ. ಇಲ್ಲಿ ಕುಳಿತವರಲ್ಲಿ ಕೆಲವರು ಚೀನಾದಲ್ಲಿ ವೈದ್ಯಕೀಯ ಓದಿ ಬಂದವರು, ಕೆಲವರು ಗ್ವಾಂಗ್‌ಝೌ, ಯಿವು ಕಡೆ ವ್ಯಾಪಾರಕ್ಕೆ ಹೋಗಿಬರುವವರು. ಮಗನೋ ಮಗಳೋ ಅಲ್ಲಿಯವರನ್ನು ಮೆಚ್ಚಿರುವುದರಿಂದ ಕಳವಳದಲ್ಲಿ ಬಂದಿರುವ ತಂದೆತಾಯಿಯರೂ ಇದ್ದೀರಿ. ಸಂಬಂಧ ಒಪ್ಪಿ ಅಥವಾ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ತಾಳಿಗೆ ಮೊದಲು ಕಾಗದ ಓದಿ ಎಂದು ಹೇಳಲು ಬಂದಿದ್ದೇನೆ.

ಮೊದಲ ಸಲ ಮಾವನ ಮನೆಗೆ ಹೋದ ಸಂಜೆಯ ಮಾತು. ಊಟ ಮುಗಿಯುತ್ತಲೇ ಮಾವ ನನ್ನ ಪಾಸ್‌ಪೋರ್ಟ್ ಕೇಳಿದರು. ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡು ಸಲ ಮಡಚಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಬ್ಯಾಟರಿ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ನೇರವಾಗಿ ಪೊಲೀಸ್ ಠಾಣೆಗೆ ಹೋದರು. ನನ್ನ ಕೈಕಾಲು ತಣ್ಣಗಾಗಿದ್ದವು. ಮಗನ ಪ್ರೀತಿಯ ಮೇಲೆ ದೂರು ಕೊಡುತ್ತಾರೆ ಎಂದೇ ಭಾವಿಸಿದ್ದೆ. ಠಾಣೆಯಲ್ಲಿದ್ದ ಹುಡುಗ ನನ್ನ ಫೋಟೊ ತೆಗೆದು, ವಿವರ ಬರೆದುಕೊಂಡು, ಒಂದು ಹಾಳೆ ಕೊಟ್ಟ. ಅಷ್ಟೇ. ಚೀನಾದಲ್ಲಿ ವಿದೇಶಿಯರು ಹೋಟೆಲಿನಲ್ಲಿ ಅಲ್ಲದೆ ಮನೆಯಲ್ಲಿ ಉಳಿದುಕೊಂಡರೆ 24 ಗಂಟೆಗಳ ಒಳಗೆ ಠಾಣೆಯಲ್ಲಿ ನೋಂದಾಯಿಸಬೇಕು. ಮುಂದೆ ವಾಸದ ಪರವಾನಗಿ ಕೇಳಲು ಹೋದಾಗ ಮೊದಲು ನೋಡುವುದು ಆ ಹಾಳೆಯನ್ನೇ. ಪ್ರೀತಿಸಿದವರ ಮನೆಗೆ ಅತಿಥಿಯಾಗಿ ಹೋಗುವವರು ಇದನ್ನು ಮರೆಯುತ್ತಾರೆ, ದಂಡ ಕಟ್ಟುತ್ತಾರೆ.

ಅದೇ ರಾತ್ರಿ ಮನೆಗೆ ಮರಳಿದ ಮೇಲೆ ಮಾವ ಕೇಳಿದ ಪ್ರಶ್ನೆ ಬೇರೆಯದು. 'ನಿನ್ನ ಊರು ಕೆ ದಿಹುವಾ ಅವರ ಊರಿಗೆ ಎಷ್ಟು ದೂರ?' ಕೆ ದಿಹುವಾ ಎಂದರೆ ನಮ್ಮ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋದವರು, 1941ರಲ್ಲಿ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದವರು. ಮರುವರ್ಷ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಸೊಲ್ಲಾಪುರ ನಮ್ಮ ಕಡೆಯಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ, ಅಲ್ಲಿ ಇಂದಿಗೂ ಕನ್ನಡ ಮಾತನಾಡುವ ಮನೆಗಳು ಸಾಕಷ್ಟಿವೆ ಎಂದೆ. ಮಾವ ತಲೆಯಾಡಿಸಿದರು. ಹುನಾನಿನ ಹಳ್ಳಿಯಲ್ಲಿ ನನ್ನ ಬೆನ್ನಿಗೆ ನಿಂತವರು ಎಪ್ಪತ್ತು ವರ್ಷಗಳ ಹಿಂದೆ ತೀರಿಹೋದ ಆ ಸೊಲ್ಲಾಪುರದ ಡಾಕ್ಟರು.

ಮದುವೆ ಎಲ್ಲಿ ಆಗಬೇಕು ಎಂಬುದು ಮೊದಲ ತೀರ್ಮಾನ. ನಮ್ಮ ಮನೆಗಳಲ್ಲಿ ಕಲ್ಯಾಣಮಂಟಪ ಸಿಗುವ ದಿನ ನೋಡಿ ಇದನ್ನು ತೀರ್ಮಾನಿಸುತ್ತಾರೆ. ತಪ್ಪು. ದೇವಸ್ಥಾನದಲ್ಲಿ ಮಾಲೆ ಬದಲಿಸಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರಾಯಿತು ಎಂದುಕೊಳ್ಳುತ್ತಾರೆ. ಆ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಇಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರಲ್ಲಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ಆಮೇಲೆ ನೋಟಿಸು 30 ದಿನ ಕಚೇರಿಯ ಗೋಡೆಯ ಮೇಲೆ ಇರಬೇಕು. ಚಿಕ್ಕ ವೀಸಾದಲ್ಲಿ ಬಂದ ಹುಡುಗ ಅಥವಾ ಹುಡುಗಿಯ ದಿನಗಳು ಆ ಗೋಡೆಯನ್ನು ನೋಡುವುದರಲ್ಲೇ ಕಳೆಯುತ್ತವೆ.

ಚೀನಾದಲ್ಲಿ ನೋಂದಣಿಯೇ ಮದುವೆ. ಔತಣ, ಪಟಾಕಿ, ಕೆಂಪು ಸೀರೆ ಎಲ್ಲವೂ ಮನೆಯವರ ಸಂತೋಷಕ್ಕೆ. ಇಬ್ಬರೂ ಖುದ್ದಾಗಿ ನಾಗರಿಕ ವ್ಯವಹಾರಗಳ ಕಚೇರಿಗೆ ಹೋಗಬೇಕು. ವಿದೇಶಿಯರ ಮದುವೆಯನ್ನು ಎಲ್ಲ ಕಚೇರಿಗಳೂ ನೋಂದಾಯಿಸುವುದಿಲ್ಲ, ಪ್ರಾಂತ್ಯ ಗೊತ್ತುಪಡಿಸಿದ ಕಚೇರಿಗೇ ಹೋಗಬೇಕು. ನಾವು ಹುನಾನಿನ ರಾಜಧಾನಿ ಛಾಂಗ್‌ಷಾಗೆ ಹೋದೆವು. ಅಲ್ಲಿ ಹುಡುಗನಿಗೆ 22, ಹುಡುಗಿಗೆ 20 ತುಂಬಿರಬೇಕು. ನಮ್ಮಲ್ಲಿ 21 ಮತ್ತು 18. ಇಲ್ಲಿ ವಯಸ್ಸಿಗೆ ಬಂದವರು ಅಲ್ಲಿ ಬಂದಿರಬೇಕೆಂದಿಲ್ಲ. ಕೆಂಪು ಪರದೆಯ ಮುಂದೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ತೆಗೆದ ಫೋಟೊ, ಗಂಡನಿಗೆ ಒಂದು ಹೆಂಡತಿಗೆ ಒಂದು ಎಂದು ಎರಡು ಕೆಂಪು ಕಿರುಪುಸ್ತಕ. ಅರ್ಧ ಗಂಟೆಯಲ್ಲಿ ನಾವು ಗಂಡಹೆಂಡಿರಾದೆವು. ಆ ಅರ್ಧ ಗಂಟೆಗೆ ತಯಾರಿ ಏಳು ತಿಂಗಳದ್ದು.

ಏಕೆಂದರೆ ನಾನು ಅವಿವಾಹಿತೆ ಎಂದು ಯಾರಾದರೂ ಹೇಳಬೇಕಲ್ಲ. ಆಗ ನಾನು ಅಲ್ಲೇ ಕೆಲಸದಲ್ಲಿದ್ದುದರಿಂದ ನಮ್ಮ ದೂತಾವಾಸದ ಪ್ರಮಾಣಪತ್ರ ನಡೆಯಿತು. ಇಲ್ಲಿಂದಲೇ ಒಯ್ಯುವವರು ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಕೊನೆಗೆ ಚೀನಾದ ದೂತಾವಾಸ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಕರ್ನಾಟಕದವರಿಗೆ ಮುಂಬೈ ದೂತಾವಾಸ. ಅವಿವಾಹಿತ ಪತ್ರದ ಆಯುಷ್ಯ ಸಾಮಾನ್ಯವಾಗಿ ಆರು ತಿಂಗಳು. ಒಂದು ಮೊಹರಿಗೆ ಕಾಯುತ್ತಾ ಕಾಯುತ್ತಾ ಮೊದಲ ಪತ್ರದ ಗಡುವೇ ಮುಗಿದು ಮತ್ತೆ ಮೊದಲಿನಿಂದ ಆರಂಭಿಸಿದವರನ್ನು ಕಂಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಬರೆದುಕೊಳ್ಳಿ. 2023ರ ನವೆಂಬರ್ 7ರಿಂದ ಒಂದು ದೇಶದ ಕಾಗದವನ್ನು ಒಂದೇ ಮೊಹರಿನಿಂದ ಇನ್ನೊಂದು ದೇಶ ಒಪ್ಪುವ ಅಪೊಸ್ಟಿಲ್ ಒಪ್ಪಂದದೊಳಗೆ ಚೀನಾ ಬಂದಿದೆ, ಇನ್ನು ಒಂದೇ ಮೊಹರು ಸಾಕು ಎಂದು ಏಜೆಂಟರು ಹೇಳುತ್ತಾರೆ. ಬೇರೆ ಅನೇಕ ದೇಶಗಳವರಿಗೆ ಅದು ನಿಜ. ಭಾರತವೂ 2005ರಿಂದ ಆ ಒಪ್ಪಂದದಲ್ಲಿದೆ. ಆದರೆ ಚೀನಾದ ಸೇರ್ಪಡೆಗೆ ಭಾರತ ಆಕ್ಷೇಪ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಅದು ಜಾರಿಯಲ್ಲಿಲ್ಲ. ನಮ್ಮ ಕಾಗದಗಳಿಗೆ ಹಳೆಯ ದಾರಿಯೇ ಗತಿ. ಕಳೆದ ವರ್ಷ ಒಬ್ಬ ಹುಡುಗ ಎಲ್ಲದಕ್ಕೂ ಅಪೊಸ್ಟಿಲ್ ಹಾಕಿಸಿಕೊಂಡು, ರಜೆ ಹೊಂದಿಸಿಕೊಂಡು, ಮದುವೆಯ ದಿನ ಗೊತ್ತುಮಾಡಿ ಹೋದ. ಕೌಂಟರಿನಿಂದ ಹಿಂದಿರುಗಿದ. ಹುಡುಗಿಯ ಮನೆಯವರಿಗೆ ಅವನ ಮೇಲೆಯೇ ಅನುಮಾನ ಹುಟ್ಟಿತು. ಅಲ್ಲಿಂದ ಇಲ್ಲಿಗೆ ತರುವ ಕಾಗದವೂ ಹಾಗೆಯೇ. ಕೆಂಪು ಪುಸ್ತಕವನ್ನು ನಮ್ಮ ಕಚೇರಿಯ ಮೇಜಿನ ಮೇಲಿಟ್ಟರೆ ಯಾರೂ ಓದಲಾರರು. ಅಲ್ಲಿನ ನೋಟರಿಯ ಇಂಗ್ಲಿಷ್ ಅನುವಾದ, ಅಲ್ಲಿನ ವಿದೇಶಾಂಗ ಕಚೇರಿಯ ಮೊಹರು, ಆಮೇಲೆ ನಮ್ಮ ದೂತಾವಾಸದ ಮೊಹರು ಬೇಕು. ಎರಡೆರಡು ಪ್ರತಿ ಮಾಡಿಸಿಕೊಳ್ಳಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಇದು ಕನ್ನಡಿಗರನ್ನು ಹೆಚ್ಚಾಗಿ ಕಾಡುವ ಸಮಸ್ಯೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದೆ, ಕೊಟ್ಟ ಹೆಸರಿನ ಜಾಗದಲ್ಲಿ ಊರು, ಅಪ್ಪ, ನಾನು ಮೂವರೂ ಇದ್ದೇವೆ. ಚೀನೀಯರಿಗೆ ಮನೆತನದ ಹೆಸರೇ ಮೊದಲು. ಖಾಲಿ ಜಾಗವಿದ್ದರೆ ಅವರ ಗಣಕಯಂತ್ರ ಮುಂದಕ್ಕೆ ಹೋಗುವುದಿಲ್ಲ. ಮದುವೆ ಕಚೇರಿಯ ಅನುವಾದಕರು ನನ್ನ ಹೆಸರನ್ನು ಒಂಬತ್ತು ಚೀನೀ ಅಕ್ಷರಗಳಲ್ಲಿ ಬರೆದರು. ಆಸ್ಪತ್ರೆಯಲ್ಲಿ ಬೇರೆ ಅಕ್ಷರಗಳಲ್ಲಿ ಬರೆದರು. ಒಂದು ಬ್ಯಾಂಕಿನವರು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದು, ಜಾಗ ಸಾಲದೆ ಕೊನೆಯ ಆರು ಅಕ್ಷರಗಳನ್ನು ಬಿಟ್ಟರು. ಕೆಂಪು ಪುಸ್ತಕದ ಹೆಂಡತಿ, ಮಗುವಿನ ತಾಯಿ, ಖಾತೆಯ ಒಡತಿ, ಈ ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ನೋಟರಿಯ ಮುಂದೆ ನಿಂತೆ. ಆದ್ದರಿಂದ ಮೊದಲ ದಿನವೇ ಹೆಸರಿನ ಚೀನೀ ಬರಹವನ್ನು ನೀವೇ ನಿರ್ಧರಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಕೌಂಟರಿನಲ್ಲೂ ಅದನ್ನೇ ತೋರಿಸಿ.

ನನ್ನ ಗಂಡನಿಗೆ ಇದೇ ತೊಂದರೆ ಇಲ್ಲಿ. ಅವರ ಮನೆತನದ ಹೆಸರಿನಲ್ಲಿ ತುಟಿ ಮುಂದೆ ಮಾಡಿ 'ಇ' ಎಂದಾಗ ಹೊರಡುವ ಒಂದು ಸ್ವರವಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಅಕ್ಷರವಿಲ್ಲ. ಹಳೆಯ ಕಾಗದಗಳಲ್ಲಿ ಎಲ್, ವಿ ಎಂದಿದೆ, ಈಗಿನ ಪಾಸ್‌ಪೋರ್ಟಿನಲ್ಲಿ ಎಲ್, ವೈ, ಯು ಎಂದಿದೆ. ಇಬ್ಬರೂ ಒಬ್ಬರೇ ಎಂದು ಇಲ್ಲಿನ ಒಂದು ಕಚೇರಿಯಲ್ಲಿ ಒಪ್ಪಿಸಲು ಮೂರು ಸಲ ಹೋಗಬೇಕಾಯಿತು. ಅಂದ ಹಾಗೆ, ಮದುವೆಯಾದ ಮೇಲೆ ಹೆಣ್ಣು ಹೆಸರು ಬದಲಿಸುವ ಪದ್ಧತಿ ಅಲ್ಲಿಲ್ಲ. ನನ್ನ ಅತ್ತೆ ಇಂದಿಗೂ ತಮ್ಮ ತಂದೆಯ ಮನೆತನದ ಹೆಸರಿನಲ್ಲೇ ಇದ್ದಾರೆ. ನಾನೂ ಹಾಗೆಯೇ. ಇದು ನನಗೆ ತುಂಬ ಹಿಡಿಸಿದ ಪದ್ಧತಿ.

ಹಣದ ಮಾತು ತಂದೆತಾಯಿಯರಿಗೆ ಮುಜುಗರ ತರುತ್ತದೆ, ಆದರೂ ಹೇಳಲೇಬೇಕು. ಅಲ್ಲಿ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಕೊಡುವ ಹಣಕ್ಕೆ ಕಾಯ್‌ಲಿ ಎನ್ನುತ್ತಾರೆ. ನಮ್ಮ ಅಜ್ಜಿಯರ ಕಾಲದ 'ತೆರ' ನೆನಪಿದೆಯಲ್ಲ, ಅದೇ. ನಮ್ಮಲ್ಲಿ ತೆರ ಹೋಗಿ ವರದಕ್ಷಿಣೆ ಬಂದಿತು. ಅಲ್ಲಿ ತೆರ ಬೆಳೆಯುತ್ತಲೇ ಹೋಯಿತು. ಕೊಟ್ಟದ್ದನ್ನು ಯಾವಾಗ ಹಿಂದೆ ಕೇಳಬಹುದು ಎಂಬ ಜಗಳಗಳು ಎಷ್ಟು ಹೆಚ್ಚಿದವೆಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿ 1ರಿಂದ ಅದಕ್ಕೆಂದೇ ನಿಯಮ ತಂದಿದೆ. ನಮ್ಮ ಹುಡುಗ ಅಲ್ಲಿಯ ಹುಡುಗಿಯನ್ನು ಮದುವೆಯಾಗುವುದಾದರೆ ಆ ಮನೆಯವರು ಕಾಯ್‌ಲಿ ನಿರೀಕ್ಷಿಸುವುದು ದುರಾಸೆಯಿಂದಲೇ ಎಂದು ತಿಳಿಯಬೇಡಿ. ಮಗಳಿಗೆ ಬೆಲೆ ಇದೆ ಎಂದು ನೆರೆಹೊರೆಗೆ ತೋರಿಸುವ ರೀತಿ ಅದು. ನನ್ನ ಮಾವ ಕೆಂಪು ಲಕೋಟೆ ಹಿಡಿದು ನಿಂತಾಗ ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡರು. ಮಾವ ಅದನ್ನು ಅವಮಾನವೆಂದು ತಿಳಿದು ಮುಖ ಕೆಂಪಾದರು. ಹೆಣ್ಣಿನ ತಂದೆ ಹಣ ಮುಟ್ಟಿದರೆ ಮಗಳನ್ನು ಮಾರಿದಂತೆ ಎಂದು ನಮ್ಮವರು ತಿಳಿಯುತ್ತಾರೆ ಎಂಬುದನ್ನು ವಿವರಿಸಲು ನನಗೆ ಆಗಿನ್ನೂ ಅಷ್ಟು ಚೀನೀ ಭಾಷೆ ಬರುತ್ತಿರಲಿಲ್ಲ. ಇಂಥದ್ದನ್ನು ವಾರ ಮುಂಚೆಯೇ ಇಬ್ಬರೂ ನಿಮ್ಮ ನಿಮ್ಮ ಹಿರಿಯರಿಗೆ ಕೂರಿಸಿ ಹೇಳಿ.

ಈಗ ಮಗು. ಇಡೀ ಮಾತಿನಲ್ಲಿ ನನಗೆ ಮುಖ್ಯವಾದುದು ಇದೇ. ಎರಡೂ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ತಂದೆ ಅಥವಾ ತಾಯಿ ಚೀನಾದ ಪ್ರಜೆಯಾಗಿದ್ದು ಮಗು ಚೀನಾದಲ್ಲಿ ಹುಟ್ಟಿದರೆ ಅವರ 1980ರ ಕಾನೂನಿನ ಪ್ರಕಾರ ಅದು ಚೀನೀ ಪ್ರಜೆ. ಅದೇ ಮಗುವಿನ ತಾಯಿ ಭಾರತೀಯಳಾಗಿದ್ದರೆ ನಮ್ಮ 1955ರ ಕಾಯ್ದೆಯ ಪ್ರಕಾರ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಟ್ಟರೆ ಅದು ಭಾರತದ ಪ್ರಜೆ. ಮಗು ಭಾರತದಲ್ಲಿ ಹುಟ್ಟಿದರೆ ಸಮಸ್ಯೆ ತಪ್ಪೀತೇ? ಪೂರ್ತಿ ಇಲ್ಲ. ಚೀನೀ ತಂದೆ ಹೊರದೇಶದಲ್ಲಿ ಕಾಯಂ ಆಗಿ ನೆಲೆಸಿಲ್ಲದಿದ್ದರೆ, ಎಲ್ಲಿ ಹುಟ್ಟಿದರೂ ಮಗು ತಮ್ಮದೇ ಎನ್ನುತ್ತದೆ ಅವರ ಕಾನೂನು. ಆಗ ಅಜ್ಜಿಯನ್ನು ನೋಡಲು ಹೋಗುವ ಮಗುವಿಗೆ ಭಾರತೀಯ ಪಾಸ್‌ಪೋರ್ಟಿನಲ್ಲಿ ಚೀನೀ ವೀಸಾ ಕೊಡದೆ, ತಮ್ಮದೇ ಪ್ರಯಾಣ ಪತ್ರ ತೆಗೆದುಕೊಳ್ಳಿ ಎನ್ನುತ್ತಾರೆ.

ನಮ್ಮ ಮಗಳು 2017ರಲ್ಲಿ ಛಾಂಗ್‌ಷಾದಲ್ಲಿ ಹುಟ್ಟಿದಳು. ಹನ್ನೊಂದನೆಯ ತಿಂಗಳಲ್ಲಿ ರೈಲಿನಲ್ಲಿ ಗ್ವಾಂಗ್‌ಝೌಗೆ ಹೋಗಿ, ಅಲ್ಲಿನ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಿದೆವು. ಭಾರತದ ಪಾಸ್‌ಪೋರ್ಟ್ ಪಡೆದೆವು. ಅಂದರೆ ಹುಕೌ ಎಂಬ ಅಲ್ಲಿನ ಕುಟುಂಬ ನೋಂದಣಿಯಲ್ಲಿ ಅವಳ ಹೆಸರು ಸೇರಿಸಲಿಲ್ಲ. ಹುಕೌ ಇಲ್ಲದ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಮೊಮ್ಮಗಳ ಹೆಸರು ಮನೆಯ ಪುಸ್ತಕದಲ್ಲಿ ಇಲ್ಲ ಎಂದು ಮಾವ ಒಂದು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಅವರ ನೋವು ಸಣ್ಣದೆಂದು ನಾನು ಎಂದೂ ಅಂದುಕೊಂಡಿಲ್ಲ. ಮಗುವನ್ನು ಇಲ್ಲಿಗೆ ಕರೆತರುವಾಗ ಆ ದೇಶದಿಂದ ಹೊರಡಲು ಭಾರತದ ಪಾಸ್‌ಪೋರ್ಟ್ ಒಂದೇ ಸಾಲದು, ಅವರ ನಿರ್ಗಮನ ಪತ್ರವೂ ಬೇಕು. ಇನ್ನೂ ಒಂದು ಮಾತು: ಹೀಗೆ ಹೊರದೇಶದಲ್ಲಿ ಹುಟ್ಟಿ, ನೋಂದಣಿಯಿಂದ ಭಾರತೀಯನಾಗಿ, ಜೊತೆಗೆ ಇನ್ನೊಂದು ದೇಶದ ಪೌರತ್ವವೂ ಇರುವ ಮಗು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಇನ್ನೊಂದು ಪೌರತ್ವವನ್ನು ಬಿಡಬೇಕು, ಇಲ್ಲದಿದ್ದರೆ ಭಾರತದ್ದು ಹೋಗುತ್ತದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖು ಈಗಲೇ ಗುರುತಾಗಿದೆ. ಹೆಣ್ಣುಮಕ್ಕಳೇ, ಗರ್ಭ ನಿಲ್ಲುವ ಮೊದಲೇ ಇದನ್ನು ಗಂಡನೊಂದಿಗೆ ಮಾತನಾಡಿ.

ನಡುವೆ ಒಂದು ಸಂತೋಷದ ಸಂಗತಿ. ಹೆರಿಗೆಯ ನಂತರದ ತಿಂಗಳನ್ನು ಅವರು 'ತಿಂಗಳು ಕೂರುವುದು' ಎನ್ನುತ್ತಾರೆ. ಅತ್ತೆ ನನ್ನ ತಲೆಗೆ ಬಟ್ಟೆ ಕಟ್ಟಿದರು, ತಣ್ಣೀರು ಮುಟ್ಟಗೊಡಲಿಲ್ಲ, ಗಾಳಿ ಬರುವ ಕಿಟಕಿ ಮುಚ್ಚಿದರು, ಶುಂಠಿ ಹಾಕಿದ್ದನ್ನೇ ಕುಡಿಸಿದರು. ಅಮ್ಮ ವೀಡಿಯೊ ಕರೆಯಲ್ಲಿ ನೋಡಿ, 'ಸರಿಯಾಗಿಯೇ ಬಾಣಂತನ ಮಾಡುತ್ತಿದ್ದಾರೆ, ನಾನು ಬರುವ ಅಗತ್ಯವಿಲ್ಲ' ಎಂದರು. ಒಬ್ಬರ ಭಾಷೆಯ ಒಂದು ಶಬ್ದವೂ ಇನ್ನೊಬ್ಬರಿಗೆ ಬಾರದ ಇಬ್ಬರು ಹೆಂಗಸರು ಅಂದಿನಿಂದ ಗೆಳತಿಯರಾದರು.

ಆ ಗೆಳೆತನಕ್ಕೆ ಪೆಟ್ಟು ಬಿದ್ದದ್ದು 2020ರಲ್ಲಿ. ಆ ಜನವರಿಯಲ್ಲಿ ಸಂಕ್ರಾಂತಿಗೆಂದು ಮಗಳೊಂದಿಗೆ ದಾವಣಗೆರೆಗೆ ಬಂದಿದ್ದೆ. ಮೂರು ವಾರಗಳ ಬಟ್ಟೆ ತಂದಿದ್ದೆ. ವಿಮಾನಗಳು ನಿಂತವು. ಫೆಬ್ರುವರಿಯಲ್ಲಿ ಭಾರತ ಚೀನೀಯರ ವೀಸಾ ನಿಲ್ಲಿಸಿತು. ಮಾರ್ಚ್ 28ರಂದು ಚೀನಾ ವಿದೇಶಿಯರಿಗೆ ಬಾಗಿಲು ಮುಚ್ಚಿತು. ನನ್ನ ವಾಸದ ಪರವಾನಗಿ ಇನ್ನೂ ಜೀವಂತವಿತ್ತು, ಉಪಯೋಗವಿರಲಿಲ್ಲ. ಜೂನ್ ಮಧ್ಯದಲ್ಲಿ ಗಲ್ವಾನ್ ಗಡಿಯಲ್ಲಿ ಎರಡೂ ಸೇನೆಗಳ ಘರ್ಷಣೆ. ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವಿಚಾಟ್ ಕೂಡ ಇತ್ತು. ದೇಶದ ಭದ್ರತೆಯ ತೀರ್ಮಾನಗಳ ಬಗ್ಗೆ ನಾನು ಮಾತನಾಡುವುದಿಲ್ಲ. ನಮ್ಮ ಮನೆಯಲ್ಲಿ ಏನಾಯಿತು ಎಂದಷ್ಟೇ ಹೇಳುತ್ತೇನೆ. ಅತ್ತೆಗೆ ಗೊತ್ತಿದ್ದುದು ಅದೊಂದೇ ಆ್ಯಪ್. ನಮಗೆ ಗೊತ್ತಿದ್ದ ವಾಟ್ಸ್‌ಆ್ಯಪ್ ಅಲ್ಲಿ ತೆರೆಯುವುದಿಲ್ಲ. ಸಂಜೆ ಏಳಕ್ಕೆ ಅಜ್ಜಿಯ ಮುಖ ಬರುತ್ತಿದ್ದ ಮೊಬೈಲನ್ನು ಮೂರು ವರ್ಷದ ಮಗಳು ತಿರುಗಿಸಿ, ಹಿಂಬದಿಯಲ್ಲಿ ಹುಡುಕುತ್ತಿದ್ದಳು. ಗಂಡ ಇಮೇಲಿನಲ್ಲಿ ವೀಡಿಯೊ ತುಣುಕು ಕಳುಹಿಸುತ್ತಿದ್ದರು. ಬಳಿಕ ದುಬಾರಿ ದರದ ಸಾಮಾನ್ಯ ಫೋನ್ ಕರೆ, ವಾರಕ್ಕೆ ಎರಡು ಸಲ. 2022ರ ಜೂನ್‌ನಲ್ಲಿ ಚೀನಾ ಕುಟುಂಬದವರಿಗೆ ಮತ್ತೆ ವೀಸಾ ಕೊಡಲು ಆರಂಭಿಸಿದ ಮೇಲೆ, ಆಗಸ್ಟ್‌ನಲ್ಲಿ ನಾವು ಹಿಂತಿರುಗಿದೆವು. ಅವಳು ತಂದೆಯೊಂದಿಗೆ ಕನ್ನಡದಲ್ಲಿ ಮಾತನಾಡಿದಳು. ಚೀನೀ ಭಾಷೆ ಪೂರ್ತಿ ಮರೆತುಹೋಗಿತ್ತು. ಎರಡೂ ದೇಶಗಳಲ್ಲಿ ನಡೆಯುವ ಎರಡು ಬೇರೆ ಬೇರೆ ಸಂಪರ್ಕದ ದಾರಿಗಳನ್ನು ಹಿರಿಯರಿಗೆ ಆರೋಗ್ಯ ಸರಿಯಿದ್ದಾಗಲೇ ಕಲಿಸಿಡಿ.

ಗಡಿಯ ಕಾಗದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ನಮಗಿಂತ ದೊಡ್ಡ ಉದಾಹರಣೆ ಮಧ್ಯಪ್ರದೇಶದ ತಿರೋಡಿಯಲ್ಲಿದ್ದ ವಾಂಗ್ ಚಿ ಅವರದು. ಚೀನಾದ ಸೇನೆಯ ಸರ್ವೇಕ್ಷಕ, 1963ರಲ್ಲಿ ದಾರಿ ತಪ್ಪಿ ಭಾರತದೊಳಗೆ ಬಂದರು, ವರ್ಷಗಟ್ಟಲೆ ಜೈಲಿನಲ್ಲಿದ್ದು ಅಲ್ಲಿಗೆ ಬಂದು ನೆಲೆಸಿದರು. ಸುಶೀಲಾ ಎಂಬುವವರನ್ನು ಮದುವೆಯಾದರು. ಮಕ್ಕಳಾದರು, ಮೊಮ್ಮಕ್ಕಳಾದರು. ಅವರಿಗೆ ಚೀನಾದ ಪಾಸ್‌ಪೋರ್ಟ್ ಸಿಕ್ಕಿದ್ದು 2013ರಲ್ಲಿ, ತಾಯ್ನೆಲ ಮುಟ್ಟಿದ್ದು 2017ರಲ್ಲಿ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು.

2024ರಲ್ಲಿ ನಾವು ಇಲ್ಲಿಗೆ ಬಂದೆವು. ಗಂಡನ ಪಾಲಿಗೆ ಇಲ್ಲಿನ ಕಾಗದ ಶುರುವಾಯಿತು. ಭಾರತೀಯಳ ಗಂಡ ಎಂಬುದಕ್ಕೆ ಸಿಗುವುದು ಪ್ರವೇಶ ವೀಸಾ. ಅದು ತಾನಾಗಿ ನೌಕರಿಯ ಹಕ್ಕು ಕೊಡುವುದಿಲ್ಲ. ನಲವತ್ತು ದಾಟಿದ ಎಂಜಿನಿಯರ್ ಮನೆಯಲ್ಲಿ ಕೂರಬೇಕಾಗುತ್ತದೆ. ಹಾಗೆ ನೋಡಿದರೆ ಅಲ್ಲಿಯೂ ಇದೇ. ಚೀನೀಯರ ಸಂಗಾತಿಗೆ ಕೊಡುವ ಕುಟುಂಬ ವೀಸಾದಲ್ಲಿ ಹೋಗಿ, 30 ದಿನಗಳೊಳಗೆ ವಾಸದ ಪರವಾನಗಿ ಪಡೆದರೂ ಕೆಲಸಕ್ಕೆ ಬೇರೆಯೇ ಪರವಾನಗಿ ಬೇಕು. ಅಲ್ಲಿನ ಕಾಯಂ ವಾಸಕ್ಕೆ ಮದುವೆಯಾಗಿ ಐದು ವರ್ಷ, ಆ ಐದು ವರ್ಷಗಳಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಅಲ್ಲೇ ಇದ್ದಿರಬೇಕು. ನಾನು 2020ರಲ್ಲಿ ಸಿಕ್ಕಿಹಾಕಿಕೊಂಡ ಎರಡೂವರೆ ವರ್ಷ ಆ ಲೆಕ್ಕವನ್ನು ಅಳಿಸಿಹಾಕಿತು. ಭಾರತದ ನಿಯಮದಲ್ಲಿ, ಮದುವೆ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿದ್ದರೆ ಸಂಗಾತಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರರ ಕಾರ್ಡಿಗೆ ಅರ್ಜಿ ಹಾಕಬಹುದು, ಭದ್ರತಾ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ನಮ್ಮ ಅರ್ಜಿ ಹೋಗಿದೆ. ಕಾಯುತ್ತಿದ್ದೇವೆ.

ಮನೆ ಕೊಳ್ಳುವವರು ಗಮನಿಸಿ. 2019ರ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಚೀನಾ, ಪಾಕಿಸ್ತಾನ ಮೊದಲಾದ ಕೆಲವು ದೇಶಗಳ ಪ್ರಜೆಗಳು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಇಲ್ಲದೆ ಇಲ್ಲಿ ಸ್ಥಿರಾಸ್ತಿ ಪಡೆಯುವಂತಿಲ್ಲ. ಐದು ವರ್ಷ ಮೀರದ ಗುತ್ತಿಗೆ ಮಾತ್ರ ಸಾಧ್ಯ. ಆ ಪಟ್ಟಿಯಲ್ಲಿ ಹಾಂಗ್‌ಕಾಂಗ್, ಮಕಾವ್ ಕೂಡ ಇವೆ. ಒಸಿಐ ಸಿಕ್ಕವರಿಗೆ ಈ ನಿಷೇಧವಿಲ್ಲ. ಆದ್ದರಿಂದ ನಮ್ಮ ಮನೆ ನನ್ನೊಬ್ಬಳ ಹೆಸರಿನಲ್ಲಿದೆ. ಅದಕ್ಕೆ ಕೂಡಿಟ್ಟ ಹಣದಲ್ಲಿ ಅರ್ಧ ಅವರದು. ನೋಂದಣಿಯ ದಿನ ನಾನು ಹೆಬ್ಬೆಟ್ಟು ಒತ್ತುತ್ತಿದ್ದಾಗ ಅವರು ಹೊರಗೆ ಬೇವಿನ ಮರದ ಕೆಳಗೆ ಮಗಳ ಕೈ ಹಿಡಿದು ನಿಂತಿದ್ದರು. ನಾನು ಇಲ್ಲವಾದರೆ ಏನು ಎಂಬುದನ್ನು ವಕೀಲರೊಂದಿಗೆ ಕೂತು ಉಯಿಲಿನಲ್ಲಿ ಬರೆಸುವ ಕೆಲಸವನ್ನು ಮುಂದೂಡಬಾರದು. ನಾನು ಮುಂದೂಡಿ ತಪ್ಪು ಮಾಡಿದೆ, ಈ ವರ್ಷ ಮಾಡಿಸಿದೆ.

ಮುರಿದುಹೋಗುವ ಮದುವೆಗಳ ಬಗ್ಗೆ ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಚೀನಾದಲ್ಲಿ ಇಬ್ಬರೂ ಒಪ್ಪಿದರೆ ಅರ್ಜಿ ಕೊಟ್ಟು 30 ದಿನ ಕಾದು ವಿಚ್ಛೇದನ ಪಡೆಯಬಹುದು, 2021ರಿಂದ ಹೀಗಿದೆ. ಆದರೆ ಅದು ಇಲ್ಲಿ ತಾನಾಗಿ ನಡೆಯುತ್ತದೆ ಎಂದು ನಂಬಿ ಮರುಮದುವೆಗೆ ಹೊರಡಬೇಡಿ, ಮೊದಲು ವಕೀಲರನ್ನು ಕಾಣಿ. ಅದಕ್ಕಿಂತ ಭಯ ಮಕ್ಕಳದ್ದು. ಒಬ್ಬರು ಮಗುವನ್ನು ಎತ್ತಿಕೊಂಡು ತಮ್ಮ ದೇಶಕ್ಕೆ ಹೋದರೆ ಮರಳಿ ತರಿಸಲು ನೆರವಾಗುವ 1980ರ ಹೇಗ್ ಒಪ್ಪಂದದಲ್ಲಿ ಭಾರತವೂ ಇಲ್ಲ, ಚೀನಾದ ಮುಖ್ಯಭೂಮಿಯೂ ಇಲ್ಲ. ಆಗ ಹಿಂದೆ ಉಳಿದ ತಾಯಿ ಅಥವಾ ತಂದೆಗೆ ಪರದೇಶದ ನ್ಯಾಯಾಲಯದ ಮೆಟ್ಟಿಲೇ ಗತಿ.

ಇನ್ನು ದಲ್ಲಾಳಿಗಳ ಮೂಲಕ ಬರುವ 'ಚೀನಾದ ಗಂಡು' ಎಂಬ ಮಾತು ಕಿವಿಗೆ ಬಿದ್ದರೆ ಬಾಗಿಲು ಹಾಕಿ. ವಿದೇಶಿ ವಧುವರರನ್ನು ಹೊಂದಿಸುವ ವ್ಯಾಪಾರವನ್ನು ಚೀನಾ 1994ರಿಂದಲೇ ನಿಷೇಧಿಸಿದೆ. ಪಾಕಿಸ್ತಾನದ ಬಡ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಈ ಜಾಲದಲ್ಲಿ ಸಿಕ್ಕಿ ಪಟ್ಟ ಪಾಡು 2019ರಲ್ಲಿ ಜಗತ್ತಿಗೆ ತಿಳಿಯಿತು. ಪರಸ್ಪರ ಪರಿಚಯವಿಲ್ಲದ, ಒಂದು ಭಾಷೆಯೂ ಹಂಚಿಕೊಳ್ಳದ ಇಬ್ಬರ ನಡುವೆ ಈ ಮದುವೆ ನಡೆಯಲೇಬಾರದು.

ಈಗಿನ ಸ್ಥಿತಿ ಹೇಳಿ ನಿಲ್ಲಿಸುತ್ತೇನೆ. 2025ರ ಜುಲೈ 24ರಿಂದ ಭಾರತ ಚೀನೀಯರಿಗೆ ಪ್ರವಾಸಿ ವೀಸಾ ಮತ್ತೆ ಕೊಡುತ್ತಿದೆ. ಅಕ್ಟೋಬರ್ 26ರಂದು ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ ನೇರ ವಿಮಾನ ಮತ್ತೆ ಹಾರಿತು. ಅತ್ತೆ ಮುಂದಿನ ತಿಂಗಳು ದಾವಣಗೆರೆಗೆ ಮೊದಲ ಬಾರಿಗೆ ಬರುತ್ತಿದ್ದಾರೆ. ನಮ್ಮಲ್ಲಿಯೂ ಮನೆಯಲ್ಲಿ ವಿದೇಶಿ ಅತಿಥಿ ಇಳಿದರೆ ಮನೆಯ ಯಜಮಾನರು 24 ಗಂಟೆಗಳೊಳಗೆ ಫಾರ್ಮ್ 3 (ಹಿಂದೆ ಇದು ಫಾರ್ಮ್ ಸಿ ಆಗಿತ್ತು) ಸಲ್ಲಿಸಬೇಕು. ಅಪ್ಪ ಅದನ್ನು ತಾವೇ ಸಲ್ಲಿಸುತ್ತಾರಂತೆ. ಕಣ್ಣು ಮಂಜಾಗಿರುವುದರಿಂದ ಅತ್ತೆಯ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಮೊಮ್ಮಗಳಿಂದ ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಂಡು, ಆ ಹಾಳೆಯನ್ನು ದೇವರ ಮನೆಯ ಪಂಚಾಂಗದ ನಡುವೆ ಇಟ್ಟಿದ್ದಾರೆ.